ಜೇಬಿನ ಪಿಸ್ತೂಲಿಗೆ ಮೊದಲು ಒರೆ, ಆಮೇಲೆ ಲೇಸರ್

ಸಂಪಾದಕರಿಗೆ,

ಮಾನ್ಯರೇ,

ಆತ್ಮರಕ್ಷಣೆಗೆಂದು ಪರವಾನಗಿ ಪಡೆದು ಸಣ್ಣ ಪಿಸ್ತೂಲು ಇಟ್ಟುಕೊಂಡಿರುವ ವ್ಯಾಪಾರಸ್ಥರು, ರೈಸ್ ಮಿಲ್ ಮಾಲೀಕರು, ತೋಟದ ಮನೆಯಲ್ಲಿ ಒಂಟಿಯಾಗಿ ವಾಸಿಸುವ ಹಿರಿಯರು ಮಂಡ್ಯ ಹಾಗೂ ಮೈಸೂರು ಜಿಲ್ಲೆಗಳಲ್ಲಿ ಇದ್ದಾರೆ. ಇವರಲ್ಲಿ ಕೆಲವರು, ಅದರಲ್ಲೂ ತಂದೆಯ ಕಾಲದ ಆಯುಧವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡ ಯುವಕರು, ಪಿಸ್ತೂಲು ಕೈಗೆ ಬಂದ ಕೂಡಲೇ ಅದಕ್ಕೆ ಲೇಸರ್ (ಗುರಿಯ ಮೇಲೆ ಬೆಳಕಿನ ಚುಕ್ಕೆ ಬೀಳಿಸುವ ಸಾಧನ) ಹಾಕಿಸುವ ಮಾತಾಡುತ್ತಾರೆ. ಅದನ್ನು ಯಾವುದರೊಳಗೆ ಇಟ್ಟುಕೊಂಡು ಓಡಾಡಬೇಕು ಎಂಬ ಪ್ರಶ್ನೆ ಮಾತ್ರ ಏಳುವುದೇ ಇಲ್ಲ. ಮೂಗುದಾರ ಹಾಕದ ಹೋರಿಗೆ ಕೊಂಬಣಸು ತೊಡಿಸಿದಂತಾಗಿದೆ ಇದು. ಮಂಡ್ಯದಲ್ಲಿ ಬೆಲ್ಲದ ಮಂಡಿ ನಡೆಸುತ್ತಿರುವ, ಬಹುಕಾಲದಿಂದ .32 (ಇದು ಗುಂಡಿನ ಗಾತ್ರದ ಅಳತೆ) ಪಿಸ್ತೂಲಿನ ಪರವಾನಗಿ ಹೊಂದಿರುವ ನಾನು ಈ ವಿಷಯದಲ್ಲಿ ನನಗೆ ತಿಳಿದದ್ದನ್ನೂ, ಜಿಲ್ಲಾಡಳಿತದಿಂದ ನಿರೀಕ್ಷಿಸುವುದನ್ನೂ ತಮ್ಮ ಪತ್ರಿಕೆಯ ಮೂಲಕ ತಿಳಿಸಬಯಸುತ್ತೇನೆ.

ಮೊದಲಿಗೆ ಕಾನೂನಿನ ಮಾತು. ಪಿಸ್ತೂಲನ್ನು ಮರೆಯಾಗಿ ಇಟ್ಟುಕೊಳ್ಳುವುದು ಕಳ್ಳತನದ ಲಕ್ಷಣವೆಂದೂ, ಸೊಂಟದ ಮೇಲೆ ನಾಲ್ಕು ಜನಕ್ಕೆ ಕಾಣುವಂತೆ ಕಟ್ಟಿಕೊಳ್ಳುವುದೇ ಗೌರವಸ್ಥರ ಕ್ರಮವೆಂದೂ ನಂಬಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುವುದು ಇದಕ್ಕೆ ತದ್ವಿರುದ್ಧ. ಆ ನಿಯಮಗಳ 32ನೆಯದರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು, ಅಂದರೆ ಪಿಸ್ತೂಲು ಅಥವಾ ರಿವಾಲ್ವರನ್ನು, ಒಯ್ಯುವವರು ಅದಕ್ಕೆಂದೇ ತಯಾರಿಸಿದ ಅಥವಾ ಹೊಂದಿಸಿದ ಒರೆಯಲ್ಲಿಟ್ಟು ಮೈಗೆ ಕಟ್ಟಿಕೊಂಡಿರಬೇಕು, ಇಲ್ಲವೇ ಚೀಲದಂಥ ಹೊದಿಕೆಯಲ್ಲಿ ಇಟ್ಟಿರಬೇಕು. ಆಯುಧ ಪೂರ್ತಿಯಾಗಿ ಮುಚ್ಚಿರಬೇಕು. ಒಯ್ಯುವವರ ಹತೋಟಿಯಲ್ಲೇ ಇರಬೇಕು. ಸಾರ್ವಜನಿಕವಾಗಿ ಝಳಪಿಸುವುದಂತೂ ನಿಷಿದ್ಧ. ಹಾಗಾಗಿ ಮರೆಮಾಡುವ ಸಾಧನ ಎಂಬುದು ನಮ್ಮಲ್ಲಿ ಷೋಕಿಯ ಪರಿಕರವಲ್ಲ, ಬೇಕೋ ಬೇಡವೋ ಎಂದು ಆರಿಸಿಕೊಳ್ಳುವ ವಸ್ತುವೂ ಅಲ್ಲ. ಒರೆಯಿಲ್ಲದೆ ಜೇಬಿಗೆ ಇಳಿಬಿಟ್ಟ ಪಿಸ್ತೂಲು ಹೊರಗೆ ಕಾಣದಿದ್ದರೂ ನಿಯಮದ ಉಲ್ಲಂಘನೆಯೇ. ಪರವಾನಗಿಯ ಷರತ್ತನ್ನು ಅಥವಾ ನಿಯಮವನ್ನು ಮೀರಿದವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆಗೆ ಅವಕಾಶವಿದೆ. ಪರವಾನಗಿ ರದ್ದಾಗುವ ಭಯ ಬೇರೆ.

ಜೇಬಿನ ಪಿಸ್ತೂಲು, ಅದರ ಜೇಬಿನ ಒರೆ, ಅದರ ಪುಟ್ಟ ಲೇಸರ್ ಇವೆಲ್ಲವೂ ಒಟ್ಟಾಗಿ ಬೆಳೆದದ್ದು ಅಮೆರಿಕದಲ್ಲಿ. 2008ರಲ್ಲಿ ಅಲ್ಲಿನ ರೂಗರ್ ಕಂಪನಿ ಎಲ್‌ಸಿಪಿ ಎಂಬ ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು. ಗುಂಡು ತುಂಬದಿದ್ದಾಗ ಅದರ ತೂಕ ಸುಮಾರು 270 ಗ್ರಾಂ, ನಳಿಗೆಯ ಉದ್ದ ಎರಡೂಮುಕ್ಕಾಲು ಇಂಚು. ಕ್ರಿಮ್ಸನ್ ಟ್ರೇಸ್, ಲೇಸರ್‌ಮ್ಯಾಕ್ಸ್‌ನಂಥ ಕಂಪನಿಗಳು ಆ ಪಿಸ್ತೂಲಿನ ಟ್ರಿಗರ್ ಗಾರ್ಡಿಗೇ (ಟ್ರಿಗರಿನ ಸುತ್ತಲಿನ ಬಳೆಗೇ) ಕಚ್ಚಿಕೊಳ್ಳುವ ಲೇಸರ್‌ಗಳನ್ನು ತಯಾರಿಸಿದವು. ಲೇಸರ್ ಸಮೇತ ಕೂರುವಂಥ ಒರೆಗಳನ್ನೂ ಒರೆ ತಯಾರಕರು ಹೊಲಿದರು. ಅಂದರೆ ಅಲ್ಲಿ ಪ್ರತಿ ಲೇಸರೂ ಒಂದೊಂದು ಪಿಸ್ತೂಲಿನ ಅಳತೆಗೆ ತಯಾರಾದದ್ದು. ನಮ್ಮಲ್ಲಿ ಸಾಮಾನ್ಯ ಪರವಾನಗಿದಾರರಿಗೆ 9 ಎಂಎಂ ಪಿಸ್ತೂಲು ನಿಷಿದ್ಧ, ಸಿಗುವುದು ಹೆಚ್ಚಾಗಿ .32 ಪಿಸ್ತೂಲು ಇಲ್ಲವೇ .32 ರಿವಾಲ್ವರ್. ಸರ್ಕಾರಿ ಆಯುಧ ಕಾರ್ಖಾನೆಯಾದ ಆರ್ಡನೆನ್ಸ್ ಫ್ಯಾಕ್ಟರಿಯ ಅಶನಿ ಪಿಸ್ತೂಲು ಉಕ್ಕಿನದು, ಹಳೆಯ ಮಾದರಿಯದು. ನಳಿಗೆಯ ಕೆಳಗೆ ಲೇಸರ್ ಸಿಕ್ಕಿಸುವ ಹಳಿಯಂಥ ಏರ್ಪಾಡು ಅದರಲ್ಲಿಲ್ಲ. 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ ಬಂದ, ಅರ್ಧ ಕಿಲೋ ತೂಗುವ ನಿರ್ಭೀಕ್ ರಿವಾಲ್ವರಿನ ಕಥೆಯೂ ಅಷ್ಟೇ. ಅಮೆರಿಕದ ಪಿಸ್ತೂಲಿಗೆ ಮಾಡಿದ ಲೇಸರನ್ನು ಇವುಗಳಿಗೆ ಕಟ್ಟುವುದೆಂದರೆ ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ಎಳೆದು ತೊಡುವುದೇ ಆಗುತ್ತದೆ.

ಈಗ ಒರೆಯ ವಿಚಾರ; ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ಒಳ್ಳೆಯ ಒರೆ ಮಾಡಬೇಕಾದ ಮೊದಲ ಕೆಲಸ ಟ್ರಿಗರನ್ನು ಪೂರ್ತಿಯಾಗಿ ಮುಚ್ಚುವುದು. ಪಿಸ್ತೂಲು ಕಾಣದಿರುವುದು ಆಮೇಲಿನ ಮಾತು. ಜೇಬಿನಲ್ಲಿರುವ ಬೀಗದ ಕೈಯೋ, ಪೆನ್ನೋ, ಮಡಿಸಿಟ್ಟ ರಸೀದಿ ಪುಸ್ತಕದ ಮೂಲೆಯೋ ಟ್ರಿಗರ್ ಗಾರ್ಡಿನೊಳಗೆ ನುಸುಳಲು ಹೆಚ್ಚು ಹೊತ್ತು ಬೇಕಿಲ್ಲ. ಎರಡನೆಯದಾಗಿ, ಜೇಬಿನಲ್ಲಿ ಪಿಸ್ತೂಲು ಮಗುಚಿಕೊಳ್ಳದೆ ಹಿಡಿ ಮೇಲ್ಮುಖವಾಗಿಯೇ ನಿಂತಿರಬೇಕು. ಮೂರನೆಯದಾಗಿ, ಪಿಸ್ತೂಲನ್ನು ಹೊರತೆಗೆದಾಗ ಒರೆ ಅದಕ್ಕೇ ಅಂಟಿಕೊಂಡು ಬರದೆ ಜೇಬಿನಲ್ಲೇ ಉಳಿಯಬೇಕು. ಅದಕ್ಕಾಗಿಯೇ ಜೇಬಿನ ಒರೆಗಳ ಹೊರಮೈಯನ್ನು ತರಿತರಿಯಾಗಿ ಮಾಡುತ್ತಾರೆ, ಕೆಲವಕ್ಕೆ ಕೊಕ್ಕೆಯಂಥ ಅಂಚನ್ನೂ ಇಡುತ್ತಾರೆ. ಇಷ್ಟಿದ್ದರೆ ಪಿಸ್ತೂಲಿನ ಆಕಾರ ಬಟ್ಟೆಯ ಮೇಲೆ ಮೂಡದೆ, ಜೇಬಿನಲ್ಲಿ ದಪ್ಪನೆಯ ಪರ್ಸಿದೆಯೇನೋ ಎಂಬಂತೆ ಕಾಣುತ್ತದೆ. ಆ ಜೇಬಿನಲ್ಲಿ ಇನ್ನಾವ ವಸ್ತುವೂ ಇರಕೂಡದೆಂಬುದನ್ನು ಬೇರೆ ಹೇಳಬೇಕಿಲ್ಲ.

ಇದೆಲ್ಲ ಪ್ಯಾಂಟು ತೊಡುವವರಿಗಾಯಿತು. ಮಂಡ್ಯದ ಮಾರುಕಟ್ಟೆಯಲ್ಲಿ ಪಂಚೆಯುಟ್ಟು ವ್ಯವಹಾರ ಮಾಡುವವರ ಪಾಡು ಬೇರೆ. ಪಂಚೆಯ ಮೇಲೆ ನಾವು ಕಟ್ಟುವ ಅಗಲದ ಚರ್ಮದ ಬೆಲ್ಟಿನಲ್ಲಿ ಗುಂಡಿ ಹಾಕುವ ಎರಡು ಮೂರು ಜೇಬುಗಳಿರುತ್ತವೆ. ನೋಟಿನ ಕಟ್ಟು, ಎಲೆಯಡಿಕೆ, ಮೊಬೈಲು ಎಲ್ಲವೂ ಅದರಲ್ಲೇ. ಆ ಬೆಲ್ಟಿನ ದುಡ್ಡಿನ ಜೇಬಿಗೇ ಪಿಸ್ತೂಲು ಇಳಿಸುವವರನ್ನು ಕಂಡಿದ್ದೇನೆ. ಗಾಡಿಯ ಬಾಡಿಗೆ ಕೊಡಲೆಂದು ನೋಟು ಎಳೆದಾಗ ಅದರ ಜೊತೆಗೆ ಪಿಸ್ತೂಲಿನ ಹಿಡಿಯೂ ಅರ್ಧ ಹೊರಗೆ ಬರುತ್ತದೆ, ಎದುರಿಗಿದ್ದ ಹಮಾಲರೆಲ್ಲ ಅದನ್ನೇ ನೋಡುತ್ತಾರೆ. ಮರೆಯೂ ಹೋಯಿತು, ಹತೋಟಿಯೂ ಹೋಯಿತು. ಇನ್ನು ಕೆಲವರು ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ ಇಡುತ್ತಾರೆ. ತೆಳುವಾದ ಹತ್ತಿ ಬಟ್ಟೆಯ ಆ ಜೇಬು ಉಕ್ಕಿನ ಪಿಸ್ತೂಲಿನ ಭಾರಕ್ಕೆ ಜೋತುಬಿದ್ದು, ನಡೆಯುವಾಗ ಮೊಣಕಾಲಿಗೆ ಬಡಿಯುತ್ತದೆ. ಪಂಚೆ ಉಡುವವರಿಗೆ ನಾನು ಹೇಳುವುದು ಇಷ್ಟು: ಬೆಲ್ಟಿನ ಒಳಮಗ್ಗುಲಿಗೆ, ಹೊಟ್ಟೆಯ ಬಲಭಾಗದಲ್ಲಿ, ಪಿಸ್ತೂಲಿನ ಅಳತೆಯದೇ ಆದ ಪ್ರತ್ಯೇಕ ಒರೆಯನ್ನು ಹೊಲಿಸಿ, ಅದಕ್ಕೆ ಟ್ರಿಗರ್ ಮುಚ್ಚುವ ಗಟ್ಟಿ ಚರ್ಮದ ಪದರವನ್ನೂ ಹಿಡಿಯ ಮೇಲೆ ಹಾದುಹೋಗುವ ಗುಂಡಿಪಟ್ಟಿಯನ್ನೂ ಇಡಿಸಿಕೊಳ್ಳಿ. ಮೇಲೆ ಅಂಗಿ ಇಳಿಬಿಟ್ಟರೆ ಏನೂ ಕಾಣುವುದಿಲ್ಲ.

ಒರೆ ಹೊಲಿಸುವಾಗ ಒಂದು ಎಚ್ಚರ. ಅಳತೆಗೆ ಬೇಕೆಂದು ಪಿಸ್ತೂಲನ್ನು ಚರ್ಮದ ಕೆಲಸದವರ ಅಂಗಡಿಯಲ್ಲಿ ಒಂದು ರಾತ್ರಿಯ ಮಟ್ಟಿಗೂ ಬಿಟ್ಟುಬರಬಾರದು. ಪರವಾನಗಿ ಇಲ್ಲದವರ ವಶಕ್ಕೆ ಆಯುಧ ಕೊಟ್ಟಂತಾಗಿ ಕೊಟ್ಟವರೂ ಇಟ್ಟುಕೊಂಡವರೂ ಇಬ್ಬರೂ ಸಿಕ್ಕಿಬೀಳುತ್ತಾರೆ. ರಟ್ಟಿನ ಮೇಲೆ ಆಕಾರ ಗೀಚಿ, ದಪ್ಪವನ್ನು ಅಳೆದು, ಬಡಗಿಯವರಿಂದ ಅದೇ ಅಳತೆಯ ಮರದ ಅಚ್ಚೊಂದನ್ನು ಮಾಡಿಸಿ ಕೊಟ್ಟರೆ ಸಾಕು. ನೆನೆಸಿದ ಚರ್ಮವನ್ನು ಆ ಅಚ್ಚಿನ ಮೇಲೆ ಎಳೆದು ಒಣಗಿಸಿದರೆ ಒರೆ ಅದೇ ರೂಪ ತಾಳುತ್ತದೆ. ಹೊರದೇಶದ ತಯಾರಕರೂ ಅಸಲಿ ಪಿಸ್ತೂಲನ್ನು ಬಳಸದೆ ಪ್ಲಾಸ್ಟಿಕ್ಕಿನ ಅಚ್ಚಿನ ಮೇಲೆಯೇ ಈ ಕೆಲಸ ಮಾಡುತ್ತಾರೆ.

ಚರ್ಮವೋ ಪ್ಲಾಸ್ಟಿಕ್ಕೋ ಎಂದು ಕೇಳುವವರಿಗೆ ನಮ್ಮ ಬೇಸಿಗೆಯನ್ನು ನೆನಪಿಸುತ್ತೇನೆ. ಏಪ್ರಿಲ್ ತಿಂಗಳಲ್ಲಿ ಮಂಡಿಯ ತಗಡಿನ ಸೂರಿನಡಿ ನಿಂತವರ ಬೆವರು ಚರ್ಮದ ಒರೆಯನ್ನು ದಾಟಿ ಉಕ್ಕಿಗೆ ತಾಕುತ್ತದೆ. ಬೆವರಿನಲ್ಲಿ ಉಪ್ಪಿದೆ, ಹಿಡಿಯ ತಿರುಪುಗಳ ಸುತ್ತ, ಸ್ಲೈಡಿನ (ನಳಿಗೆಯ ಮೇಲೆ ಹಿಂದೆ ಮುಂದೆ ಜಾರುವ ಭಾಗದ) ಒಳಮಗ್ಗುಲಲ್ಲಿ ಕಂದು ಪುಡಿಯಂತೆ ತುಕ್ಕು ಏಳುವುದು ಅಲ್ಲಿಂದಲೇ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಒರೆ ಬೆವರನ್ನು ಹೀರುವುದಿಲ್ಲ, ಟ್ರಿಗರಿನ ಬಳಿ ಮೆತ್ತಗಾಗಿ ಒಳಕ್ಕೆ ಕುಸಿಯುವುದೂ ಇಲ್ಲ. ಆದರೆ ಜೇಬಿನಲ್ಲಿ ಒತ್ತುತ್ತದೆ, ನಮ್ಮ ದೇಶಿ ಪಿಸ್ತೂಲುಗಳ ಅಳತೆಗೆ ಸುಲಭವಾಗಿ ಸಿಗುವುದಿಲ್ಲ. ಚರ್ಮವನ್ನೇ ಬಳಸುವವರು ಮನೆಗೆ ಬಂದ ಮೇಲೆ ಪಿಸ್ತೂಲನ್ನು ಒರೆಯಿಂದ ತೆಗೆದು, ಒರೆಸಿ, ತೆಳುವಾಗಿ ಎಣ್ಣೆ ಸವರಿ ಬೇರೆಯಾಗಿ ಬೀಗದಲ್ಲಿ ಇಡಬೇಕು. ಮೆತುವಾದ, ಹಳೆಯದಾಗಿ ಬಾಯಿ ಮಡಚಿಕೊಳ್ಳುವ ಚರ್ಮದ ಒರೆಯನ್ನು ಎಸೆಯಲು ಜಿಪುಣತನ ಮಾಡಬಾರದು, ಏಕೆಂದರೆ ಪಿಸ್ತೂಲನ್ನು ವಾಪಸು ಇಳಿಸುವಾಗ ಆ ಮಡಿಕೆಯೇ ಟ್ರಿಗರನ್ನು ಒತ್ತಬಲ್ಲದು.

ಹೆಣ್ಣುಮಕ್ಕಳು ವ್ಯಾನಿಟಿ ಬ್ಯಾಗಿನಲ್ಲಿ ಇಡುವುದಾದರೆ ಪ್ರತ್ಯೇಕ ಜಿಪ್ಪಿನ ಅರೆಯೂ, ಅದರೊಳಗೆ ಮತ್ತೆ ಒರೆಯೂ ಬೇಕು. ಬ್ಯಾಗನ್ನು ಬಸ್ಸಿನ ಸೀಟಿನ ಮೇಲಿಟ್ಟು ಟಿಕೆಟ್ ತೆಗೆಸಲು ಎದ್ದರೆ ಹತೋಟಿ ತಪ್ಪಿತೆಂದೇ ಅರ್ಥ. ಸ್ಕೂಟರಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡು ಇವುಗಳ ಮಾತೇ ಬೇಡ.

ಲೇಸರಿಗೆ ಬರುತ್ತೇನೆ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಜೇಬಿನ ಪಿಸ್ತೂಲಿನಲ್ಲಿ ಗುರಿ ಹಿಡಿಯಲು ಕಣ್ಣಿಟ್ಟು ನೋಡುವ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವಿನ ಅಂತರ ಹತ್ತು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅಷ್ಟು ಗಿಡ್ಡ ಅಂತರದಲ್ಲಿ ಸೈಟುಗಳ ಜೋಡಣೆ ಒಂದೇ ಒಂದು ಮಿಲಿಮೀಟರ್ ತಪ್ಪಿದರೂ ಏಳು ಮೀಟರ್ ದೂರದ ಗುರಿಯಲ್ಲಿ ಏಳು ಸೆಂಟಿಮೀಟರ್ ತಪ್ಪುತ್ತದೆ. ಸಂಜೆಗತ್ತಲಲ್ಲಿ, ಚಾಳೀಸು ಬಂದ ಕಣ್ಣಿಗೆ, ಸಾಸಿವೆ ಕಾಳಿನಷ್ಟಿರುವ ಆ ಮುಂದಿನ ಸೈಟು ಕಾಣುವುದೇ ಕಷ್ಟ. ಆಗ ಎದುರಿನ ಗುರಿಯ ಮೇಲೇ ಬೀಳುವ ಚುಕ್ಕೆ ಉಪಯೋಗಕ್ಕೆ ಬರುತ್ತದೆ. ಕೆಂಪು ಲೇಸರಿಗೆ ಹೋಲಿಸಿದರೆ ಹಸಿರು ಲೇಸರ್ ಹಗಲಿನಲ್ಲಿ ಚೆನ್ನಾಗಿ ಕಾಣುತ್ತದೆ, ನಮ್ಮ ಕಣ್ಣು ಹಸಿರಿಗೇ ಹೆಚ್ಚು ಸೂಕ್ಷ್ಮವಾದ್ದರಿಂದ. ಬೆಲೆ ಹೆಚ್ಚು, ಬ್ಯಾಟರಿಯೂ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಎರಡನ್ನೂ ನಂಬುವ ಹಾಗಿಲ್ಲ.

ಆದರೆ ಆ ಚುಕ್ಕೆ ಬಿದ್ದಲ್ಲೇ ಗುಂಡು ಬೀಳುತ್ತದೆಂಬ ಭರವಸೆ ಎಲ್ಲಿಂದ ಬಂತು? ಲೇಸರ್ ಕೂರುವುದು ನಳಿಗೆಯ ಕೆಳಗೆ. ಲೇಸರಿನ ಬೆಳಕಿನ ರೇಖೆಯೂ ಗುಂಡು ಸಾಗುವ ರೇಖೆಯೂ ಒಂದು ದೂರದಲ್ಲಿ ಮಾತ್ರ ಕೂಡುತ್ತವೆ. ಏಳು ಮೀಟರಿಗೆ ಹೊಂದಿಸಿದ ಲೇಸರಿನಲ್ಲಿ ಅದಕ್ಕಿಂತ ಹತ್ತಿರದ ಗುರಿಗೆ ಗುಂಡು ಚುಕ್ಕೆಯ ಮೇಲೂ, ದೂರದ ಗುರಿಗೆ ಕೆಳಗೂ ಬೀಳುತ್ತದೆ. ಈ ವ್ಯತ್ಯಾಸ ಅಲ್ಪವೇ. ನಿಜವಾದ ತೊಂದರೆ ಸಡಿಲವಾದ ಕ್ಲಿಪ್ಪಿನದು. ನನ್ನ ಪರಿಚಯದ ಮಿಲ್ ಮಾಲೀಕರೊಬ್ಬರು ಎಲ್ಲಾ ಪಿಸ್ತೂಲಿಗೂ ಹೊಂದುತ್ತದೆ ಎಂಬ ಜಾಹೀರಾತು ನಂಬಿ ಅಗ್ಗದ ಲೇಸರೊಂದನ್ನು ತರಿಸಿ ಟ್ರಿಗರ್ ಗಾರ್ಡಿಗೆ ಬಿಗಿಸಿದ್ದರು. ಪಿಸ್ತೂಲನ್ನು ಖಾಲಿ ಮಾಡಿ, ಅವರ ಗೋದಾಮಿನಲ್ಲಿ ಅಕ್ಕಿಮೂಟೆಯ ಅಟ್ಟಿಯತ್ತ ಹಿಡಿದು, ಸ್ಲೈಡನ್ನು ಎಳೆದು ಬಿಟ್ಟು ನೋಡಿದೆವು. ಚುಕ್ಕೆ ಮೂಟೆಯ ಹೊಲಿಗೆಯ ಮೇಲಿದ್ದದ್ದು ಪಕ್ಕದ ಮೂಟೆಗೆ ಸರಿದಿತ್ತು. ಗುಂಡು ಹಾರದೆಯೇ ಹೀಗಾದರೆ, ಹಾರಿದ ಮೇಲಿನ ಒದೆತಕ್ಕೆ ಅದು ಎಲ್ಲಿರುತ್ತದೆಂದು ಯಾರು ಹೇಳಬಲ್ಲರು? ಅಷ್ಟೇ ಅಲ್ಲ, ಲೇಸರಿನ ಸ್ವಿಚ್ಚು ಟ್ರಿಗರಿನ ಮುಂದೆಯೇ ಇದ್ದು, ಬೆಳಕು ಹಚ್ಚಲು ಹೋದ ಬೆರಳು ಟ್ರಿಗರ್ ಗಾರ್ಡಿನೊಳಗೇ ಆಡುತ್ತಿತ್ತು. ಲೇಸರ್ ಕಟ್ಟಿದ ಮೇಲೆ ಪಿಸ್ತೂಲು ಹಳೆಯ ಒರೆಯೊಳಗೆ ಹಿಡಿಸದೆ, ಅವರು ಒರೆಯನ್ನೇ ಬಿಟ್ಟು ಬರಿಯ ಜೇಬಿನಲ್ಲಿ ಇಟ್ಟುಕೊಳ್ಳಲು ಆರಂಭಿಸಿದ್ದರು. ಬೆಳಕಿನ ಆಸೆಗೆ ಹೊದಿಕೆಯನ್ನು ಬಿಟ್ಟ ಈ ವ್ಯವಹಾರ ನನಗೆ ಕಿಂಚಿತ್ತೂ ಸರಿಕಾಣಲಿಲ್ಲ.

ಹೀಗಾಗಿ ಲೇಸರ್ ಬೇಕೇಬೇಕೆನ್ನುವವರು ಒರೆ ಮತ್ತು ಲೇಸರ್ ಎರಡನ್ನೂ ಒಟ್ಟಿಗೇ ನಿರ್ಧರಿಸಬೇಕು. ಲೇಸರ್ ಸಮೇತ ಟ್ರಿಗರ್ ಮುಚ್ಚುವ ಒರೆ ಸಿಗದಿದ್ದರೆ ಲೇಸರನ್ನು ಕೈಬಿಡಬೇಕು. ಅದು ಆ ಪಿಸ್ತೂಲಿಗೆಂದೇ ಮಾಡಿದ್ದಾಗಿರಬೇಕು, ಹಿಡಿ ಹಿಡಿದ ಕೈಯ ಸಹಜ ಒತ್ತಡಕ್ಕೇ ಹತ್ತಿಕೊಳ್ಳುವಂತಿರಬೇಕು, ಮೇಲೆ ಕೆಳಗೆ ಹಾಗೂ ಎಡಬಲಕ್ಕೆ ಹೊಂದಿಸುವ ತಿರುಪುಗಳಿರಬೇಕು. ಶಕ್ತಿ ಎಷ್ಟೆಂದು ಬರೆಯದ ಲೇಸರ್ ಕೊಳ್ಳಬಾರದು. ಐದು ಮಿಲಿವಾಟ್‌ನದೂ ಕಣ್ಣಿಗೆ ನೇರ ಬಿದ್ದರೆ ಅಪಾಯಕಾರಿಯೇ. ಲೇಸರ್ ಕೂರಿಸಲೆಂದು ಲೇತ್ ಅಂಗಡಿಗೆ ಹೋಗಿ ಪಿಸ್ತೂಲಿನ ಮೈಗೆ ತೂತು ಕೊರೆಸುವುದಂತೂ ಅಪರಾಧಕ್ಕೆ ತಾವೇ ದಾರಿ ಮಾಡಿಕೊಟ್ಟಂತೆ: ಬಂದೂಕಿನ ದುರಸ್ತಿ ಮತ್ತು ಮಾರ್ಪಾಡು ಮಾಡಲು ಕಾಯ್ದೆಯ 5ನೇ ಕಲಮಿನ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕು. ಕ್ಲಿಪ್ಪಿನ ಲೇಸರೇ ಆದರೂ ಕಟ್ಟುವ ಮುನ್ನ ಪರವಾನಗಿ ನೀಡಿದ ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆದಿಟ್ಟುಕೊಳ್ಳುವುದು ಕ್ಷೇಮ.

ಲೇಸರಿನ ನಿಜವಾದ ಉಪಯೋಗ ಅಭ್ಯಾಸದಲ್ಲಿದೆ ಎಂಬುದು ನನ್ನ ಅನುಭವ. .32ರ ತೋಟಾಗಳು ದುಬಾರಿ, ವರ್ಷಕ್ಕೆ ಎಷ್ಟು ಕೊಳ್ಳಬಹುದೆಂಬ ಮಿತಿ ಬೇರೆ ಪರವಾನಗಿಯಲ್ಲೇ ನಮೂದಾಗಿರುತ್ತದೆ. ಹಾಗಾಗಿ ಬಹುಪಾಲು ಪರವಾನಗಿದಾರರು ಅಭ್ಯಾಸವೆಂಬುದನ್ನೇ ಮಾಡುವುದಿಲ್ಲ. ಮ್ಯಾಗಜಿನ್, ಅಂದರೆ ತೋಟಾ ತುಂಬುವ ಡಬ್ಬಿ, ತೆಗೆದು, ಸ್ಲೈಡ್ ಎಳೆದು ಚೇಂಬರ್, ಅಂದರೆ ಹಾರಲಿರುವ ಗುಂಡು ಕೂರುವ ನಳಿಗೆಯ ಹಿಂತುದಿ, ಖಾಲಿಯಿದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಂಡು (ಮ್ಯಾಗಜಿನ್ ತೆಗೆದರೂ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದೆಂಬುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ), ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಮದ್ದಿಲ್ಲದ ಡಮ್ಮಿ ತೋಟಾ ಹಾಕಿ, ಗಟ್ಟಿ ಗೋಡೆಯತ್ತ ಟ್ರಿಗರ್ ಎಳೆದು ನೋಡಿದರೆ ಚುಕ್ಕೆ ನಮ್ಮ ಕೈಯ ತಪ್ಪನ್ನು ಇದ್ದದ್ದು ಇದ್ದಹಾಗೆ ತೋರಿಸುತ್ತದೆ. ಟ್ರಿಗರ್ ಬೀಳುವ ಗಳಿಗೆಯಲ್ಲಿ ಚುಕ್ಕೆ ಎಡಕ್ಕೆ ಕೆಳಗೆ ಜಿಗಿದರೆ ಬಲಗೈಯವರು ಇಡೀ ಮುಷ್ಟಿಯನ್ನು ಹಿಂಡುತ್ತಿದ್ದಾರೆಂದೇ ತಿಳಿಯಬೇಕು. ಆದರೆ ಇದೇ ಚುಕ್ಕೆಯನ್ನು ಮದುವೆ ಮನೆಯ ಹಿತ್ತಲಲ್ಲಿ ಗೆಳೆಯರ ಅಂಗಿಯ ಮೇಲೆ ಆಡಿಸಿ ನಗುವವರೂ ಇದ್ದಾರೆ. ಚುಕ್ಕೆ ಬಿದ್ದ ಕಡೆಗೇ ನಳಿಗೆಯೂ ತಿರುಗಿದೆ ಎಂಬುದು ಅವರಿಗೆ ತೋಚದಿರುವುದು ಹೇಗೆಂದೇ ನನಗೆ ಅರ್ಥವಾಗುವುದಿಲ್ಲ.

ಚೇಂಬರಿನಲ್ಲಿ ಗುಂಡಿಟ್ಟುಕೊಂಡೇ ಓಡಾಡಬೇಕೆಂಬ ಹಟವನ್ನೂ ಬಿಡುವುದು ಒಳಿತು. ಮೇಲೆ ಹೇಳಿದ ರೂಗರ್ ಕಂಪನಿಯೇ, ಕೆಳಗೆ ಬಿದ್ದರೆ ಗುಂಡು ಹಾರಬಹುದೆಂಬ ಕಾರಣಕ್ಕೆ, 2008ರಲ್ಲೇ ತನ್ನ ಮೊದಲ ಎಲ್‌ಸಿಪಿ ಪಿಸ್ತೂಲುಗಳನ್ನು ದುರಸ್ತಿಗೆ ವಾಪಸು ಕರೆಸಿಕೊಂಡಿತು. ಹೊಸ ಕಾಲದ ಕಾರ್ಖಾನೆಗೇ ಹೀಗಾದಾಗ ನಮ್ಮ ತಾತಂದಿರ ಕಾಲದ ವೆಬ್ಲಿ, ಬ್ರೌನಿಂಗ್ ಕಂಪನಿಗಳ ಪಿಸ್ತೂಲುಗಳನ್ನು ಅತಿಯಾಗಿ ನಂಬುವುದು ತರವಲ್ಲ.

ಚುನಾವಣೆ ಬಂದಾಗಲೆಲ್ಲ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡುವ ಪದ್ಧತಿ ನಮ್ಮ ಓದುಗರಿಗೆ ಗೊತ್ತೇ ಇದೆ. 2023ರ ಮೇ 10ರ ವಿಧಾನಸಭಾ ಮತದಾನಕ್ಕೂ, 2024ರ ಏಪ್ರಿಲ್ 26ರ ಲೋಕಸಭಾ ಮತದಾನಕ್ಕೂ ಇದು ನಡೆದದ್ದು ಕಡುಬೇಸಿಗೆಯಲ್ಲಿ. ಬೆವರು ಕುಡಿದ ಚರ್ಮದ ಒರೆಯೊಳಗೇ ಪಿಸ್ತೂಲನ್ನಿಟ್ಟು ಕೊಟ್ಟವರು ವಾಪಸು ಪಡೆದಾಗ ತುಕ್ಕಿಗೆ ಠಾಣೆಯವರನ್ನು ದೂರುತ್ತಾರೆ. ಒರೆಯನ್ನು ಮನೆಯಲ್ಲಿಟ್ಟು, ಲೇಸರ್ ಇದ್ದರೆ ಬಿಚ್ಚಿ ಬ್ಯಾಟರಿ ತೆಗೆದು, ಪಿಸ್ತೂಲಿಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಕೊಟ್ಟು, ನಂಬರ್ ಸಹಿತ ರಸೀದಿ ಪಡೆದರೆ ಈ ತಕರಾರೇ ಇರುವುದಿಲ್ಲ. ಹಾಗೆಯೇ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಹಾಗೂ ಶಾಲಾ ಕಾಲೇಜುಗಳ ಆವರಣಕ್ಕೆ ವಿಶೇಷ ಅನುಮತಿಯಿಲ್ಲದೆ ಆಯುಧ ಒಯ್ಯಬಾರದೆಂಬ ಷರತ್ತು ಪರವಾನಗಿಯಲ್ಲೇ ಇದೆ. ಎಂಥ ಒರೆಯಲ್ಲಿ ಎಷ್ಟೇ ಮರೆಯಾಗಿ ಇಟ್ಟರೂ ಮೇಲುಕೋಟೆಯ ವೈರಮುಡಿಗಾಗಲಿ, ಮೈಸೂರಿನ ಜಂಬೂಸವಾರಿಗಾಗಲಿ ಪಿಸ್ತೂಲು ಒಯ್ಯುವಂತಿಲ್ಲ.

ಈ ನಿಯಮ, ಷರತ್ತುಗಳೆಲ್ಲವೂ ಕಾಯ್ದೆ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿವೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷವಾಗಿದೆ. ಅಂದರೆ ಪರವಾನಗಿದಾರರು ಕಚೇರಿಯ ಮೆಟ್ಟಿಲು ಹತ್ತುವುದು ಐದು ವರ್ಷಕ್ಕೊಮ್ಮೆ, ಅದೂ ರುಜು ಮತ್ತು ಶುಲ್ಕಕ್ಕೆ ಮಾತ್ರ. ಆದ್ದರಿಂದ ಮಂಡ್ಯದ ಜಿಲ್ಲಾಧಿಕಾರಿಗಳು ಹಾಗೂ ಮೈಸೂರಿನ ಪರವಾನಗಿ ಅಧಿಕಾರಿಗಳು ಪಿಸ್ತೂಲನ್ನು ಒಯ್ಯುವ ಕ್ರಮ, ಒರೆ ಹೇಗಿರಬೇಕೆಂಬ ವಿವರ, ಲೇಸರ್ ಮೊದಲಾದ ಪರಿಕರಗಳಿಗೆ ಯಾರ ಅನುಮತಿ ಬೇಕು ಎಂಬ ಸ್ಪಷ್ಟನೆ ಇವಿಷ್ಟನ್ನು ಕನ್ನಡದಲ್ಲಿ ಒಂದು ಪುಟದಷ್ಟು ಮುದ್ರಿಸಿ, ನವೀಕರಣದ ಅರ್ಜಿಯ ಜೊತೆಗೇ ಕೊಡಬೇಕೆಂದೂ, ಅದರ ಪ್ರತಿಯನ್ನು ಬಂದೂಕು ಅಂಗಡಿಗಳಲ್ಲಿ ಅಂಟಿಸಲು ಸೂಚಿಸಬೇಕೆಂದೂ ಕೋರುತ್ತೇನೆ. ನವೀಕರಣಕ್ಕೆ ಪಿಸ್ತೂಲು ತಂದು ತೋರಿಸುವಾಗ ನಂಬರ್ ಪರಿಶೀಲಿಸುವ ಸಿಬ್ಬಂದಿ, ಅದನ್ನು ಯಾವುದರಲ್ಲಿ ತಂದಿದ್ದೀರಿ ಎಂದು ಒಂದು ಮಾತು ಕೇಳಿ ಆ ಒರೆಯನ್ನೂ ನೋಡುವಂತಾದರೆ ಇನ್ನೂ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಬೆಲ್ಲದ ವ್ಯಾಪಾರಿ ಹಾಗೂ ಪರವಾನಗಿದಾರ,
ಮಂಡ್ಯ